ವಿಮಾನ ಬಿದ್ದರೆ ಕೆಳಗೆ ಯಾರಿದ್ದಾರೆ ಅಂತ ಯಾರು ನೋಡಬೇಕು?

2018ರ ಜೂನ್ 28, ಗುರುವಾರ. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಮುಂಬೈಯ ಜುಹೂ ಏರೋಡ್ರೋಮಿನಿಂದ ಪರೀಕ್ಷಾ ಹಾರಾಟಕ್ಕೆ ಎದ್ದಿದ್ದ ಚಿಕ್ಕ ವಿಮಾನವೊಂದು ವಾಪಸ್ ಬಂದು ಇಳಿಯಲಿಲ್ಲ. ಘಾಟ್ಕೋಪರ್ ಪಶ್ಚಿಮದ ಜೀವದಯಾ ಲೇನ್‌ನಲ್ಲಿ, ಹೊಸ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ನಾಲ್ವರೂ ಸತ್ತರು. ಇಬ್ಬರು ಪೈಲಟ್‌ಗಳು, ಇಬ್ಬರು ವಿಮಾನ ರಿಪೇರಿ ಸಿಬ್ಬಂದಿ. ಅವರ ಜೊತೆ ರಸ್ತೆಯಲ್ಲಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದ ಒಬ್ಬರೂ ಸತ್ತರು.

ಆ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕೂಲಿಯವರು ಆಗಷ್ಟೇ ಊಟಕ್ಕೆ ಹೋಗಿದ್ದರು. ಊಟದ ಹೊತ್ತು ಅರ್ಧ ಗಂಟೆ ಹಿಂದೆ ಮುಂದೆ ಆಗಿದ್ದರೆ ಸತ್ತವರ ಲೆಕ್ಕ ಬೇರೆಯೇ ಇರುತ್ತಿತ್ತು. ಏಳು ವರ್ಷದ ನಂತರ, 2025ರ ಜೂನ್ 12ರಂದು, ಅಹಮದಾಬಾದಿನಲ್ಲಿ ಇದೇ ಊಟದ ಹೊತ್ತು ಉಲ್ಟಾ ಹೊಡೆಯಿತು. ಲಂಡನ್‌ಗೆ ಹೊರಟಿದ್ದ ಏರ್ ಇಂಡಿಯಾದ ದೊಡ್ಡ ವಿಮಾನ ಮೇಲೆದ್ದು ನಿಮಿಷ ತುಂಬುವ ಮೊದಲೇ ಮೇಘಾಣಿ ನಗರದ ಮೆಡಿಕಲ್ ಕಾಲೇಜು ಹಾಸ್ಟೆಲ್ ಮೇಲೆ ಬಿತ್ತು. ವಿದ್ಯಾರ್ಥಿಗಳು ಮೆಸ್‌ನಲ್ಲಿ ಊಟಕ್ಕೆ ಸೇರಿದ್ದ ಸಮಯ ಅದು. ಒಟ್ಟು 260 ಜನ ಸತ್ತರು. ಅವರಲ್ಲಿ 19 ಮಂದಿ ವಿಮಾನ ಹತ್ತಿದವರೇ ಅಲ್ಲ, ನೆಲದ ಮೇಲೆ ಇದ್ದವರು.

ಒಂದು ಕಡೆ ಊಟದ ಹೊತ್ತು ಉಳಿಸಿತು, ಇನ್ನೊಂದು ಕಡೆ ಕೊಂದಿತು. ಅಂದರೆ ನೆಲದ ಮೇಲಿರುವವರ ಜೀವವನ್ನು ನಾವು ಅದೃಷ್ಟಕ್ಕೆ ಬಿಟ್ಟಿದ್ದೇವೆ. ವಿಮಾನ ಬಿದ್ದಾಗ ಎಲ್ಲರೂ ಕೇಳುವುದು ‘ಯಾಕೆ ಬಿತ್ತು’ ಅಂತ. ಅದು ಬೇಕಾದ ಪ್ರಶ್ನೆ, ಅದಕ್ಕೆ ತನಿಖೆ ನಡೆಯುತ್ತದೆ, ವರದಿ ಬರುತ್ತದೆ. ‘ಬಿದ್ದ ಜಾಗದಲ್ಲಿ ಜನ ಯಾಕಿದ್ದರು, ಅವರ ಬಗ್ಗೆ ಯಾರಾದರೂ ಮೊದಲೇ ಯೋಚಿಸಿದ್ದರಾ’ ಅನ್ನುವ ಪ್ರಶ್ನೆ ಮಾತ್ರ ಯಾವ ಕಚೇರಿಯ ಮೇಜಿಗೂ ಬರುವುದಿಲ್ಲ. ನಮ್ಮ ನಿಯಮಗಳು ಕಟ್ಟಡದಿಂದ ವಿಮಾನಕ್ಕೆ ಅಪಾಯ ಆಗದ ಹಾಗೆ ನೋಡಿಕೊಳ್ಳುತ್ತವೆ. ವಿಮಾನದಿಂದ ಕಟ್ಟಡದೊಳಗಿನ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳುವ ನಿಯಮ ಅವುಗಳಲ್ಲಿ ಇಲ್ಲ. ನಾನು ಹೇಳಲು ಹೊರಟಿರುವುದು ಇದನ್ನೇ.

ಮೊದಲು ಜಾಗದ ವಿಷಯ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಬೈಯಲ್ಲಿ ವರ್ಷದ ಹೆಚ್ಚು ದಿನ ಗಾಳಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಊರಿನ ದೊಡ್ಡ ನಿಲ್ದಾಣವಾದ ಸಾಂತಾಕ್ರೂಜ್–ಸಹಾರ್‌ಗೆ ಬರುವ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ, ಘಾಟ್ಕೋಪರ್ ಗುಡ್ಡ, ಅಸಲ್ಫಾ, ಜರಿಮರಿ, ಕುರ್ಲಾ ಕಡೆಯಿಂದ ತಗ್ಗುತ್ತಾ ಬಂದು ಇಳಿಯುತ್ತವೆ. ಏಳುವಾಗ ವಿಲೆ ಪಾರ್ಲೆ, ಜುಹೂ ದಾಟಿ ಸಮುದ್ರದ ಮೇಲೆ ಹೋಗುತ್ತವೆ. ಇಳಿಯುವ ವಿಮಾನ ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಲೆಕ್ಕ ಹಾಕಿದರೆ, ರನ್‌ವೇಯಿಂದ ಒಂದೊಂದು ಕಿಲೋಮೀಟರ್ ದೂರಕ್ಕೆ ಸುಮಾರು 50 ಮೀಟರ್ ಎತ್ತರ. ನಾಲ್ಕು ಕಿಲೋಮೀಟರ್ ದೂರದ ಮನೆಯ ಮೇಲೆ ವಿಮಾನ ಸುಮಾರು 200 ಮೀಟರ್ ಎತ್ತರದಲ್ಲಿರುತ್ತದೆ. ಮನೆ ಗುಡ್ಡದ ಮೇಲಿದ್ದರೆ ಇನ್ನೂ ಕಡಿಮೆ. ಅಸಲ್ಫಾದಲ್ಲಿ ಬೆಳೆದ ಮಕ್ಕಳು ವಿಮಾನದ ಹೊಟ್ಟೆ ನೋಡಿಯೇ ಯಾವ ಕಂಪನಿಯದ್ದು ಅಂತ ಹೇಳುವುದು ಸುಮ್ನೆ ಅಲ್ಲ.

ಈ ಜಾಗಗಳು ಮುಂಬೈ ಕನ್ನಡಿಗರಿಗೆ ಹೊಸವಲ್ಲ. ಸಾಕಿನಾಕಾ, ಅಸಲ್ಫಾ, ಜರಿಮರಿ, ಕುರ್ಲಾ, ಘಾಟ್ಕೋಪರ್, ಇವೆಲ್ಲ ಕನ್ನಡ, ತುಳು ಮಾತಾಡುವವರು ದಶಕಗಳಿಂದ ನೆಲೆಸಿರುವ ಕಡೆಗಳು. ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಒಂದು ಕ್ಯಾಂಟೀನೋ ಸಣ್ಣ ಕಾರ್ಖಾನೆಯ ಕೆಲಸವೋ ಹಿಡಿದವರು ಬಾಡಿಗೆ ಕಡಿಮೆ ಅಂತ ಈ ಗುಡ್ಡಗಳ ಬುಡದಲ್ಲೇ ಮನೆ ಮಾಡಿದರು. ಇವತ್ತು ಇದೇ ಉಪನಗರಗಳಲ್ಲಿ ಕಟ್ಟಡ ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬರುವ ಕೂಲಿಯವರು ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲೇ ಶೆಡ್ ಹಾಕಿಕೊಂಡು ಇರುತ್ತಾರೆ. ಜೀವದಯಾ ಲೇನ್‌ನಂಥ ಜಾಗದಲ್ಲಿ ವಿಮಾನ ಬಿದ್ದರೆ ಮೊದಲು ಸಿಕ್ಕಿಬೀಳುವವರು ಇಂಥವರೇ.

ಜುಹೂ ಏರೋಡ್ರೋಮ್ ಶುರುವಾಗಿದ್ದು 1928ರಲ್ಲಿ. ಭಾರತದ ಮೊದಲ ನಾಗರಿಕ ವಿಮಾನ ನಿಲ್ದಾಣ ಅದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದು ಇಳಿದದ್ದು ಅಲ್ಲೇ. ಆಗ ಅದು ಊರಿಂದ ದೂರದ ಸಮುದ್ರ ದಂಡೆ. ದೊಡ್ಡ ವಿಮಾನಗಳು ಪಕ್ಕದ ಸಾಂತಾಕ್ರೂಜ್‌ಗೆ ಹೋದ ಮೇಲೂ ಜುಹೂ ಮುಚ್ಚಲಿಲ್ಲ. ಎರಡರ ನಡುವೆ ಎಷ್ಟು ಕಡಿಮೆ ಅಂತರ ಅಂದರೆ, 1972ರ ಸೆಪ್ಟೆಂಬರಿನಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಸಾಂತಾಕ್ರೂಜ್ ಅಂತ ತಿಳಿದು ಜುಹೂವಿನ ಪುಟ್ಟ ರನ್‌ವೇಯಲ್ಲಿ ಇಳಿದು, ನಿಲ್ಲಲಾಗದೆ ಮುಂದೆ ಹೋಗಿ ಬಿದ್ದಿತ್ತು. ಈಗ ಜುಹೂ ಮುಖ್ಯವಾಗಿ ಹೆಲಿಕಾಪ್ಟರ್‌ಗಳ ನೆಲೆ. ಬಾಂಬೆ ಹೈ ತೈಲ ಬಾವಿಗಳಿಗೆ ಸಿಬ್ಬಂದಿ ಸಾಗಿಸುವ ಹೆಲಿಕಾಪ್ಟರ್‌ಗಳು ಅಲ್ಲಿಂದಲೇ ಹೊರಡುತ್ತವೆ. ಅದರ ಜೊತೆ ಹ್ಯಾಂಗರ್‌ಗಳೂ ಚಿಕ್ಕ ವಿಮಾನಗಳ ರಿಪೇರಿಯೂ ಇವೆ. ಘಾಟ್ಕೋಪರ್‌ನಲ್ಲಿ ಬಿದ್ದ ವಿಮಾನ ಅಲ್ಲಿಂದ ಹೊರಟದ್ದು ರಿಪೇರಿ ಮುಗಿದ ನಂತರ.

ಆ ವಿಮಾನದ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಅದು ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸಿ90. ಎರಡು ಟರ್ಬೊಪ್ರಾಪ್ ಎಂಜಿನ್‌ನದ್ದು, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್. ಮೊದಲು ಉತ್ತರ ಪ್ರದೇಶ ಸರ್ಕಾರದ ಕೈಯಲ್ಲಿತ್ತು. ಅಲಹಾಬಾದಿನಲ್ಲಿ ಒಂದು ಅಪಘಾತದಲ್ಲಿ ಹಾಳಾದ ಮೇಲೆ 2014ರಲ್ಲಿ ಮುಂಬೈಯ ಖಾಸಗಿ ಕಂಪನಿಯೊಂದಕ್ಕೆ ಮಾರಾಟವಾಯಿತು. ಹಲವು ವರ್ಷ ಹಾರದೆ ನಿಂತಿದ್ದ ವಿಮಾನ. ಬಿಚ್ಚಿ, ಸರಿಮಾಡಿ, ಮತ್ತೆ ಹಾರಲು ಯೋಗ್ಯವೇ ಅಂತ ನೋಡುವ ಹಾರಾಟ ಅವತ್ತಿನದು. ತಿಂಗಳು ಜೂನ್, ಮುಂಬೈ ಮಳೆಗಾಲ.

ಟೆಸ್ಟ್ ಫ್ಲೈಟ್ ಅಂದರೆ ಏನು? ದೊಡ್ಡ ರಿಪೇರಿ ಆದ ವಿಮಾನವನ್ನು ನೆಲದ ಮೇಲೆ ಎಷ್ಟೇ ಪರೀಕ್ಷಿಸಿದರೂ ಕೆಲವು ಸಂಗತಿ ಗಾಳಿಯಲ್ಲಿ ಮಾತ್ರ ಗೊತ್ತಾಗುತ್ತವೆ. ಅದಕ್ಕೇ ಆ ಹಾರಾಟದಲ್ಲಿ ಪ್ರಯಾಣಿಕರನ್ನು ಕೂರಿಸುವುದಿಲ್ಲ, ಕೆಲಸಕ್ಕೆ ಬೇಕಾದವರಷ್ಟೇ ಇರುತ್ತಾರೆ. ಈ ವಿಮಾನದಲ್ಲಿ ಏನೋ ತಪ್ಪಿರಬಹುದು ಅಂತ ಒಪ್ಪಿಕೊಂಡೇ ಮಾಡುವ ಹಾರಾಟ ಅದು. ಒಳಗೆ ಹೊರಗಿನವರು ಒಬ್ಬರೂ ಇರಬಾರದು ಅಂತ ಇಷ್ಟು ಎಚ್ಚರಿಕೆ ವಹಿಸುತ್ತೇವೆ, ಸರಿ. ಹಾಗಾದರೆ ಅದೇ ವಿಮಾನವನ್ನು ದೇಶದ ಅತಿ ದಟ್ಟ ಜನವಸತಿಯ ಮೇಲೆ ಯಾಕೆ ಹಾರಿಸುತ್ತೇವೆ? ಒಳಗಿನ ಪ್ರಯಾಣಿಕರ ಜೀವಕ್ಕೆ ಕೊಡುವ ಬೆಲೆಯನ್ನು ಕೆಳಗಿನ ದಾರಿಹೋಕರಿಗೆ ಯಾಕೆ ಕೊಡುವುದಿಲ್ಲ? ಈ ಪ್ರಶ್ನೆಗೆ ನನಗೆ ಇವತ್ತಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಪರೀಕ್ಷಾ ಹಾರಾಟದ ಅಪಾಯ ಕನ್ನಡ ನಾಡಿಗೆ ಗೊತ್ತಿರುವ ಸಂಗತಿ. 2009ರ ಮಾರ್ಚ್ 6ರಂದು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ್ದ ‘ಸರಸ್’ ವಿಮಾನ ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ಸತ್ತರು. ಹಾರುತ್ತಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡುವ ಪರೀಕ್ಷೆ ನಡೆಯುತ್ತಿತ್ತು. ಅದು ಬಿದ್ದದ್ದು ಊರಾಚೆಯ ಬಯಲಿನಲ್ಲಿ, ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ. ಹತ್ತು ವರ್ಷದ ನಂತರ, 2019ರ ಫೆಬ್ರವರಿ 1ರಂದು, ನವೀಕರಿಸಿದ ಮಿರಾಜ್ 2000 ಯುದ್ಧವಿಮಾನವನ್ನು ಪರೀಕ್ಷಿಸಲು ಹೊರಟ ಇಬ್ಬರು ಪೈಲಟ್‌ಗಳು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲೇ ಸತ್ತರು. ಎಚ್‌ಎಎಲ್ ಸುತ್ತ ಈಗ ಏನಿದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಇಂಥ ಚಿಕ್ಕ ವಿಮಾನಗಳು ಊರಿನ ಹತ್ತಿರವೇ ಜಾಸ್ತಿ ಬೀಳುವುದಕ್ಕೆ ಕಾರಣ ಇದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ವೇಗ ತೀರಾ ಕಡಿಮೆಯಾದರೆ, ಅಥವಾ ಮೂತಿ ತೀರಾ ಮೇಲಕ್ಕೆದ್ದರೆ, ಆ ಹರಿವು ಒಡೆದು ರೆಕ್ಕೆ ಹೊರೆ ಹೊರುವುದನ್ನು ಬಿಡುತ್ತದೆ. ಇದಕ್ಕೆ ‘ಸ್ಟಾಲ್’ ಅನ್ನುತ್ತಾರೆ. ಸರಿಪಡಿಸುವುದು ಪೈಲಟ್‌ಗಳಿಗೆ ಮೊದಲ ದಿನಗಳಲ್ಲೇ ಕಲಿಸುವ ಪಾಠ: ಮೂತಿ ತಗ್ಗಿಸಬೇಕು, ವೇಗ ಗಳಿಸಬೇಕು. ಆದರೆ ವೇಗ ಗಳಿಸಲು ಕೆಳಗೆ ಜಾಗ ಬೇಕು. ಹತ್ತು ಸಾವಿರ ಅಡಿಯಲ್ಲಿ ಆದರೆ ಜಾಗಕ್ಕೆ ಬರ ಇಲ್ಲ. ನಿಲ್ದಾಣದ ಹತ್ತಿರ ಐನೂರು, ಆರುನೂರು ಅಡಿಯಲ್ಲಿ ಆದರೆ ನೆಲವೇ ಮೊದಲು ಸಿಗುತ್ತದೆ. ವಿಮಾನ ನಿಧಾನವಾಗಿಯೂ ತಗ್ಗಿನಲ್ಲೂ ಇರುವುದು ಏಳುವಾಗ ಮತ್ತು ಇಳಿಯುವಾಗ. ಆ ಹೊತ್ತಿನಲ್ಲಿ ಅದರ ಕೆಳಗಿರುವುದು ಉಪನಗರ.

ಎರಡು ಎಂಜಿನ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ರೆಕ್ಕೆಗಳ ಮೇಲೆ ಆಚೆಗೊಂದು ಈಚೆಗೊಂದು ಎಂಜಿನ್ ಇರುವ ಚಿಕ್ಕ ವಿಮಾನದಲ್ಲಿ ಒಂದು ನಿಂತರೆ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ಸಾಕಷ್ಟು ವೇಗ ಇದ್ದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆಯಿಂದ (ರಡರ್) ಆ ಎಳೆತ ತಡೆಯಬಹುದು. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ತಡೆಯಲಾಗದೆ ವಿಮಾನ ಮಗುಚಿಕೊಳ್ಳುತ್ತದೆ. ಘಾಟ್ಕೋಪರ್‌ನಲ್ಲಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಉಪನಗರದ ಮೇಲೆ ಹಾರುವ ಚಿಕ್ಕ ವಿಮಾನಕ್ಕೆ ತಪ್ಪು ತಿದ್ದಿಕೊಳ್ಳಲು ಎಷ್ಟು ಕಡಿಮೆ ಸಮಯ ಇರುತ್ತದೆ ಅಂತ ತೋರಿಸಲು ಇಷ್ಟು ಹೇಳಿದೆ.

ಅವತ್ತು ಪೈಲಟ್‌ಗಳು ತಮ್ಮ ಜೀವ ಕೊಟ್ಟು ಜನರನ್ನು ಉಳಿಸಿದರು ಅನ್ನುವ ಮಾತು ದೊಡ್ಡವರ ಬಾಯಿಂದಲೂ ಬಂತು. ಸತ್ತವರ ಬಗ್ಗೆ ಆ ಗೌರವ ಇರಲೇಬೇಕು. ಆದರೆ ಒಂದು ಊರಿನ ಸುರಕ್ಷತೆ ಪೈಲಟ್‌ನ ಕೊನೆಯ ಎರಡು ಸೆಕೆಂಡಿನ ತ್ಯಾಗದ ಮೇಲೆ ನಿಲ್ಲಬಾರದು, ಅಲ್ವಾ? ಕೈ ಮೀರಿದ ವಿಮಾನಕ್ಕೆ ಎಲ್ಲಿ ಬೀಳಬೇಕು ಅಂತ ಆರಿಸುವ ಶಕ್ತಿ ಇರುವುದಿಲ್ಲ. ಆ ಆಯ್ಕೆ ಮಾಡಬೇಕಾದ್ದು ಹಾರಾಟಕ್ಕೆ ಮೊದಲು, ನೆಲದ ಮೇಲೆ ಕುಳಿತವರು.

ಈಗ ಕಾನೂನಿಗೆ ಬರೋಣ. ವಿಮಾನ ನಿಲ್ದಾಣದ ಸುತ್ತ ಕಟ್ಟಡ ಕಟ್ಟುವವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಿಂದ ಎತ್ತರದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತೆಗೆದುಕೊಳ್ಳಬೇಕು. 2015ರ ನಿಯಮಗಳು ಇದನ್ನು ವಿವರವಾಗಿ ಹೇಳುತ್ತವೆ. ಬಣ್ಣ ಬಣ್ಣದ ಚೌಕಗಳ ನಕ್ಷೆ ಇದೆ, ಯಾವ ಚೌಕದಲ್ಲಿ ಎಷ್ಟು ಎತ್ತರ ಅಂತ ನೋಡಬಹುದು. ರನ್‌ವೇ ತುದಿಯಿಂದ ಹೊರಗೆ ಆಲಿಕೆಯ ಹಾಗೆ ಅಗಲವಾಗುತ್ತಾ ಹೋಗುವ ಜಾಗಕ್ಕೆ ಮುಂಬೈಯಲ್ಲಿ ‘ಫನೆಲ್ ಝೋನ್’ ಅಂತಲೇ ಹೆಸರು. ವಿಲೆ ಪಾರ್ಲೆ, ಸಾಂತಾಕ್ರೂಜ್, ಕುರ್ಲಾದ ಹಳೇ ಸೊಸೈಟಿಗಳಲ್ಲಿ ಇರುವವರಿಗೆ ಈ ಹೆಸರು ಕೇಳಿದರೆ ಸಂಕಟ. ಎತ್ತರಕ್ಕೆ ಅನುಮತಿ ಇಲ್ಲದ ಕಾರಣ ಬಿಲ್ಡರ್ ಬರುವುದಿಲ್ಲ, ಸೋರುವ ಕಟ್ಟಡ ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ ಮಿತಿ ಮೀರಿ ಕಟ್ಟಿದವರೂ ಇದ್ದಾರೆ. ಒಬ್ಬ ವಕೀಲರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2022ರ ಜುಲೈಯಲ್ಲಿ, ಮುಂಬೈ ನಿಲ್ದಾಣದ ಸುತ್ತ 48 ಕಟ್ಟಡಗಳಲ್ಲಿ ಮಿತಿ ಮೀರಿದ ಭಾಗ ಕೆಡವಲು ಜಿಲ್ಲಾಧಿಕಾರಿಗೆ ಸೂಚಿಸಿತ್ತು.

ಈ ನಿಯಮಗಳು ಬೇಕು, ಅನುಮಾನ ಇಲ್ಲ. ಆದರೆ ಅವು ಯಾರಿಗಾಗಿ ಅಂತ ಗಮನಿಸಿ. ಕಟ್ಟಡದ ತುದಿ ವಿಮಾನಕ್ಕೆ ತಾಗಬಾರದು, ರೇಡಾರ್‌ಗೆ ಅಡ್ಡ ಬರಬಾರದು. ಅಷ್ಟೇ. ಅನುಮತಿ ಸಿಕ್ಕ ಎತ್ತರದೊಳಗೆ ಆ ಜಾಗದಲ್ಲಿ ಗೋದಾಮು ಬಂದರೂ ಒಂದೇ, ಸಾವಿರ ಮಕ್ಕಳ ಶಾಲೆ ಬಂದರೂ ಒಂದೇ. ಎತ್ತರದ ನಿಯಮದ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಇಲ್ಲ. ಹಾಗೇ, ಎತ್ತರ ಕಡಿಮೆ ಇರುವ ಚಾಳು, ಜೋಪಡಿಗಳಲ್ಲಿ ಎಕರೆಗೆ ಎಷ್ಟು ಜನ ತುಂಬಿದ್ದರೂ ಆ ಲೆಕ್ಕ ಅಲ್ಲಿ ಬರುವುದೇ ಇಲ್ಲ.

ಅಹಮದಾಬಾದ್ ದುರಂತದ ನಂತರ ಆದದ್ದನ್ನೇ ನೋಡಿ. ಒಂದು ವಾರದೊಳಗೆ ಕೇಂದ್ರ ಸರ್ಕಾರ ಹೊಸ ಕರಡು ನಿಯಮ ಹೊರಡಿಸಿತು. ನಿಲ್ದಾಣದ ಸುತ್ತ ಎತ್ತರ ಮಿತಿ ಮೀರಿದ ಕಟ್ಟಡ, ಮರಗಳನ್ನು ಬೇಗ ತೆರವು ಮಾಡುವ ಬಗ್ಗೆ ಅದು. ಆದರೆ ಆ ವಿಮಾನ ಬಿದ್ದದ್ದು ಕಟ್ಟಡ ಅಡ್ಡ ಬಂದು ಅಲ್ಲ. ಎದ್ದ ಕೆಲವೇ ಸೆಕೆಂಡಿನಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಬಂದ್ ಆಗಿದ್ದವು ಅಂತ ಪ್ರಾಥಮಿಕ ತನಿಖಾ ವರದಿ ಹೇಳಿತು. ಹಾಸ್ಟೆಲ್ ಇದ್ದದ್ದು ರನ್‌ವೇ ತುದಿಯಿಂದ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಹೆಚ್ಚು ಕಡಿಮೆ ಅದೇ ನೇರದಲ್ಲಿ. ಅಲ್ಲಿ ಹಾಸ್ಟೆಲ್ ಇರಬೇಕಿತ್ತಾ ಅನ್ನುವ ಪ್ರಶ್ನೆಗೆ ಆ ಕರಡಿನಲ್ಲಿ ಉತ್ತರ ಇಲ್ಲ. 19 ಜನ ನೆಲದ ಮೇಲೆ ಸತ್ತದ್ದಕ್ಕೆ ನಾವು ಕೊಟ್ಟ ಮೊದಲ ಪ್ರತಿಕ್ರಿಯೆ ಮತ್ತೆ ಎತ್ತರದ ಬಗ್ಗೆಯೇ ಆಗಿತ್ತು.

ಬೇರೆ ದೇಶಗಳು ಇದನ್ನು ಹೇಗೆ ನೋಡುತ್ತವೆ? ಬ್ರಿಟನ್ನಿನಲ್ಲಿ ರನ್‌ವೇ ತುದಿಗಳಲ್ಲಿ ಸಾರ್ವಜನಿಕ ಸುರಕ್ಷತಾ ವಲಯ ಅಂತ ಗುರುತಿಸುತ್ತಾರೆ. ಅದರ ಹಿಂದಿನ ಲೆಕ್ಕ ಸರಳ. ಒಬ್ಬ ಮನುಷ್ಯ ವರ್ಷವಿಡೀ ಒಂದು ಜಾಗದಲ್ಲೇ ಇದ್ದರೆ ವಿಮಾನ ಬಿದ್ದು ಸಾಯುವ ಸಂಭವ ಎಷ್ಟು? ಲಕ್ಷಕ್ಕೆ ಒಂದಕ್ಕಿಂತ ಜಾಸ್ತಿ ಅಂತ ಬಂದ ಜಾಗದಲ್ಲಿ ಹೊಸ ಮನೆ, ಶಾಲೆ, ಆಸ್ಪತ್ರೆಗೆ ಅನುಮತಿ ಇಲ್ಲ. ಹತ್ತು ಸಾವಿರಕ್ಕೆ ಒಂದು ದಾಟಿದರೆ ಅಲ್ಲಿ ಜನ ವಾಸ ಇರಲೇಬಾರದು ಅನ್ನುವ ನಿಲುವು, ಮನೆಗಳನ್ನು ನಿಲ್ದಾಣವೇ ಕೊಂಡುಕೊಳ್ಳಬೇಕು. ಅಮೆರಿಕದಲ್ಲಿ ರನ್‌ವೇ ತುದಿಯಾಚೆ ಒಂದು ರಕ್ಷಣಾ ವಲಯ ಇರುತ್ತದೆ. ನೆಲದ ಮೇಲಿನ ಜನ ಮತ್ತು ಆಸ್ತಿಯ ರಕ್ಷಣೆಗಾಗಿ ಅಂತಲೇ ಅದರ ಉದ್ದೇಶ ಬರೆದಿದ್ದಾರೆ. ಸಾಧ್ಯವಾದಷ್ಟು ಆ ಜಾಗ ನಿಲ್ದಾಣದ ಒಡೆತನದಲ್ಲೇ ಇರಲಿ ಅನ್ನುವುದು ಅಲ್ಲಿನ ವಿಮಾನಯಾನ ಆಡಳಿತದ ಸಲಹೆ.

ಅಲ್ಲೂ ಎಲ್ಲ ಸರಿಯಿಲ್ಲ. 2025ರ ಜನವರಿ 31ರಂದು ರೋಗಿಯನ್ನು ಹೊತ್ತ ಲಿಯರ್‌ಜೆಟ್ ಫಿಲಡೆಲ್ಫಿಯಾದಲ್ಲಿ ಎದ್ದು ನಿಮಿಷದೊಳಗೆ ಜನವಸತಿಯ ಮೇಲೆ ಬಿತ್ತು, ಒಳಗಿದ್ದ ಆರು ಜನರ ಜೊತೆ ನೆಲದ ಮೇಲಿದ್ದವರೂ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಸ್ಯಾನ್ ಡಿಯೇಗೊದ ಚಿಕ್ಕ ನಿಲ್ದಾಣವೊಂದಕ್ಕೆ ಇಳಿಯಲು ಬರುತ್ತಿದ್ದ ಸೆಸ್ನಾ ಜೆಟ್ ಮಿಲಿಟರಿ ಕುಟುಂಬಗಳ ಮನೆಗಳ ಮೇಲೆ ಬಿತ್ತು. ಜುಲೈಯಲ್ಲಿ ಢಾಕಾದ ಉತ್ತರಾದಲ್ಲಿ ವಾಯುಪಡೆಯ ತರಬೇತಿ ವಿಮಾನ ಶಾಲೆಯ ಮೇಲೆ ಬಿದ್ದು ಮಕ್ಕಳು ಸತ್ತರು. ವಲಯ ಗುರುತಿಸಿದ ಮಾತ್ರಕ್ಕೆ ವಿಮಾನ ಬೀಳುವುದು ನಿಲ್ಲುವುದಿಲ್ಲ. ಆದರೆ ಲೆಕ್ಕ ಹಾಕುವ ದೇಶದಲ್ಲಿ ‘ಈ ಶಾಲೆಗೆ ಇಲ್ಲಿ ಅನುಮತಿ ಯಾಕೆ ಕೊಟ್ಟಿರಿ’ ಅಂತ ಕೇಳಲು ಒಂದು ಕಾಗದವಾದರೂ ಇರುತ್ತದೆ. ನಮ್ಮಲ್ಲಿ ಕೇಳುವುದಕ್ಕೂ ಆಧಾರ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಇಂಥ ವಲಯ ಮಾಡಿದರೆ ಮುಂಬೈಯಲ್ಲಿ ಮೊದಲು ಎಬ್ಬಿಸುವುದು ಯಾರನ್ನು? ಜರಿಮರಿ, ಕ್ರಾಂತಿ ನಗರದ ಬಡವರನ್ನು. ನಿಲ್ದಾಣದ ಗೋಡೆಗೆ ಅಂಟಿಕೊಂಡಿರುವ ಈ ವಸತಿಗಳನ್ನು ಖಾಲಿ ಮಾಡಿಸುವ ಮಾತು ಎಷ್ಟೋ ವರ್ಷದಿಂದ ನಡೆದಿದೆ. ಜನ ವಿರೋಧಿಸುತ್ತಲೇ ಬಂದಿದ್ದಾರೆ, ಯಾಕೆಂದರೆ ಕೆಲಸ ಇರುವುದು ಸಾಕಿನಾಕಾ, ಅಂಧೇರಿಯಲ್ಲಿ, ಬದಲಿ ಮನೆ ಸಿಗುವುದು ಎಲ್ಲೋ ದೂರದಲ್ಲಿ. ಸುರಕ್ಷತೆಯ ಹೆಸರಿನಲ್ಲಿ ಬುಲ್ಡೋಜರ್ ಬಂದರೆ ಅದನ್ನು ನಾನು ಒಪ್ಪುವುದಿಲ್ಲ. ಅಪಾಯದ ಲೆಕ್ಕ ಜನರಿಗಾಗಿ ಅನ್ನುವುದಾದರೆ ಎಬ್ಬಿಸುವುದು ಕೊನೆಯ ದಾರಿ ಆಗಬೇಕು, ಅದೂ ಹತ್ತಿರದಲ್ಲೇ ಮನೆ ಕೊಟ್ಟ ಮೇಲೆ. ಅದಕ್ಕೆ ಮೊದಲು ಯಾರನ್ನೂ ಎಬ್ಬಿಸದೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಅದರಲ್ಲಿ ಮೊದಲನೆಯದು ಪರೀಕ್ಷಾ ಹಾರಾಟ. ವರ್ಷಗಟ್ಟಲೆ ನಿಂತ ವಿಮಾನವನ್ನು, ಅಪಘಾತದಲ್ಲಿ ಹಾಳಾಗಿ ಮತ್ತೆ ಕಟ್ಟಿದ ವಿಮಾನವನ್ನು, ಮೊದಲ ಸಲ ಹಾರಿಸುವುದು ಮುಂಬೈ ಉಪನಗರದ ಮೇಲೆ ಆಗಬಾರದು. ಅಷ್ಟು ದೊಡ್ಡ ರಿಪೇರಿಯನ್ನೇ ಜನ ಕಡಿಮೆ ಇರುವ ನಿಲ್ದಾಣದಲ್ಲಿ ಮಾಡಿಸಬಹುದು. ಮಹಾರಾಷ್ಟ್ರದಲ್ಲಿ ಅಂಥ ನಿಲ್ದಾಣಗಳಿಗೆ ಬರ ಇಲ್ಲ. ಜುಹೂವಿನಲ್ಲೇ ಹುಟ್ಟಿದ ಬಾಂಬೆ ಫ್ಲೈಯಿಂಗ್ ಕ್ಲಬ್ ತನ್ನ ತರಬೇತಿ ಹಾರಾಟವನ್ನು ಧುಳೆಗೆ ಒಯ್ದಿದೆ. ಕಲಿಯುವ ಹುಡುಗರ ಹಾರಾಟಕ್ಕೆ ಸಾಧ್ಯವಾದದ್ದು ರಿಪೇರಿ ಕಂಪನಿಗಳಿಗೆ ಯಾಕೆ ಆಗಬಾರದು? ಜುಹೂವಿನಿಂದಲೇ ಎಬ್ಬಿಸಬೇಕಾದ ಅನಿವಾರ್ಯ ಬಂದರೆ, ರನ್‌ವೇಯ ಪಶ್ಚಿಮಕ್ಕೆ ಸಮುದ್ರ ಹತ್ತಿರದಲ್ಲೇ ಇದೆ. ಪರೀಕ್ಷೆಗಳೆಲ್ಲ ಸಮುದ್ರದ ಮೇಲೆ ಮುಗಿಯಲಿ, ಸಾಧ್ಯವಾದರೆ ಸಮುದ್ರದ ಕಡೆಯಿಂದಲೇ ಇಳಿಯಲಿ, ಗಾಳಿ ಅದಕ್ಕೆ ಒಪ್ಪದ ದಿನ ಹಾರಾಟವೇ ಬೇಡ. ಪಕ್ಕದಲ್ಲೇ ದೊಡ್ಡ ನಿಲ್ದಾಣದ ಸಂಚಾರ ಇರುವುದರಿಂದ ಇದು ಸುಲಭ ಅಲ್ಲ ಅಂತ ಗೊತ್ತು. ಕಂಟ್ರೋಲರ್‌ಗಳು ನಡುವೆ ಸಂದು ಹುಡುಕಬೇಕು, ಕಾಯಬೇಕು. ಆದರೆ ಪರೀಕ್ಷಾ ಹಾರಾಟಕ್ಕೆ ಅವಸರ ಯಾಕೆ? ಅದರಲ್ಲಿ ಟಿಕೆಟ್ ಕೊಂಡವರು ಯಾರೂ ಇರುವುದಿಲ್ಲ. ಮಳೆ ಇದ್ದರೆ ನಾಳೆ ಹಾರಿಸಬಹುದು, ಮುಂದಿನ ವಾರ ಹಾರಿಸಬಹುದು. ಮೋಡ ಎಷ್ಟು ತಗ್ಗಿದ್ದರೆ, ಎಷ್ಟು ದೂರ ಕಾಣದಿದ್ದರೆ ಪರೀಕ್ಷಾ ಹಾರಾಟ ಇಲ್ಲ ಅಂತ ಸಾಮಾನ್ಯ ಹಾರಾಟಕ್ಕಿಂತ ಬಿಗಿಯಾದ ಮಿತಿ ಹಾಕಿ, ಬಿಡುವ ನಿರ್ಧಾರವನ್ನು ಕಂಪನಿಯ ಒಬ್ಬರ ಕೈಯಲ್ಲಿ ಬಿಡದಿದ್ದರೆ ಸಾಕು.

ಎರಡನೆಯದು ಪರಿಹಾರ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ರಸ್ತೆಯಲ್ಲಿ ಲಾರಿ ಗುದ್ದಿ ಒಬ್ಬರು ಸತ್ತರೆ ಮನೆಯವರಿಗೆ ದಾರಿ ಗೊತ್ತಿದೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಪ್ರತಿ ಜಿಲ್ಲೆಯಲ್ಲೂ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ, ಲೆಕ್ಕ ಹಾಕುವ ರೀತಿ ಇದೆ, ಆ ಕೇಸು ನಡೆಸುವ ವಕೀಲರು ತಾಲೂಕು ಕೋರ್ಟಿನಲ್ಲೂ ಸಿಗುತ್ತಾರೆ. ಗುದ್ದಿದ ಗಾಡಿ ಸಿಗದೇ ಹೋದರೂ 2022ರಿಂದ ಸತ್ತವರ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಅಂತರರಾಷ್ಟ್ರೀಯ ವಿಮಾನದ ಪ್ರಯಾಣಿಕರಿಗೂ ದಾರಿ ಇದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಕಂಪನಿಯ ತಪ್ಪು ಸಾಬೀತು ಮಾಡದೆಯೇ ಒಂದು ಮೊತ್ತದವರೆಗೆ ಕೇಳುವ ಹಕ್ಕು ಅದರಿಂದ ಬಂದಿದೆ.

ಫುಟ್‌ಪಾತ್ ಮೇಲೆ ನಡೆಯುವಾಗ ವಿಮಾನ ಮೈಮೇಲೆ ಬಿದ್ದು ಸತ್ತವರ ಮನೆಯವರು ಎಲ್ಲಿಗೆ ಹೋಗಬೇಕು? ಅವರ ಹತ್ತಿರ ಟಿಕೆಟ್ ಇಲ್ಲ. ಅವರಿಗಾಗಿ ಬೇರೆ ನ್ಯಾಯಮಂಡಳಿ ಇಲ್ಲ. ಸಿವಿಲ್ ಕೋರ್ಟಿನಲ್ಲಿ ನಷ್ಟಪರಿಹಾರದ ದಾವೆ ಹೂಡಬೇಕು, ಕೋರ್ಟ್ ಶುಲ್ಕ ಕಟ್ಟಬೇಕು, ವಿಮಾನ ಕಂಪನಿ ಮತ್ತು ವಿಮೆಯವರ ವಕೀಲರ ಎದುರು ವರ್ಷಗಟ್ಟಲೆ ನಿಲ್ಲಬೇಕು. ಇಲ್ಲದಿದ್ದರೆ ಸರ್ಕಾರವೋ ಕಂಪನಿಯೋ ಪ್ರಕಟಿಸಿದ್ದನ್ನು ತೆಗೆದುಕೊಳ್ಳಬೇಕು. ಅಹಮದಾಬಾದಿನಲ್ಲಿ ಹಿಂದೆ ಟಾಟಾ ಸಮೂಹ ಇತ್ತು, ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 1 ಕೋಟಿ ರೂಪಾಯಿ ಅಂತ ಹೇಳಿತು. ಒಂದೆರಡು ವಿಮಾನ ಇಟ್ಟುಕೊಂಡ ಚಿಕ್ಕ ಕಂಪನಿಯ ವಿಮಾನ ಬಿದ್ದಾಗ ಯಾರು ಹಾಗೆ ಹೇಳುತ್ತಾರೆ? ಯಾದಗಿರಿಯಿಂದ ಬಂದ ಕೂಲಿಯ ಹೆಂಡತಿ, ಭಾಷೆ ಬಾರದ ಊರಿನಲ್ಲಿ, ಯಾವ ಕೋರ್ಟಿನ ಯಾವ ಕಿಟಕಿಯ ಮುಂದೆ ನಿಲ್ಲಬೇಕು? ಲಾರಿಗೆ ಇರುವಂಥ ಕಾನೂನನ್ನು ವಿಮಾನಕ್ಕೂ ತರಬಹುದು. ನೆಲದ ಮೇಲಿದ್ದವರಿಗೆ ತಪ್ಪಿನ ಪ್ರಶ್ನೆ ಕೇಳದೆ ಪರಿಹಾರ, ಆ ಮೊತ್ತಕ್ಕೆ ತಕ್ಕ ವಿಮೆ ಇಲ್ಲದೆ ಹಾರಾಟ ಇಲ್ಲ, ಅರ್ಜಿ ಹಾಕಲು ಈಗಿರುವ ಮೋಟಾರು ಅಪಘಾತ ನ್ಯಾಯಮಂಡಳಿಯೇ ಸಾಕು. ವಿಮೆ ದುಬಾರಿ ಆಗುತ್ತದೆ ಅನ್ನುವುದಾದರೆ ಆಗಲಿ. ಜನರ ತಲೆಯ ಮೇಲೆ ಹಾರುವುದಕ್ಕೆ ಬೆಲೆ ಇದೆ ಅಂತ ಆಗಲಾದರೂ ಲೆಕ್ಕಕ್ಕೆ ಬರುತ್ತದೆ.

ಅನುಮತಿ ಕೊಟ್ಟವರು ಯಾರು ಅನ್ನುವ ಪ್ರಶ್ನೆ ಘಾಟ್ಕೋಪರ್‌ಗೆ ಮತ್ತೊಮ್ಮೆ ಬಂದದ್ದನ್ನೂ ನೆನಪಿಸಬೇಕು. 2024ರ ಮೇ 13ರಂದು ಗಾಳಿ ಮಳೆಗೆ ಪೆಟ್ರೋಲ್ ಬಂಕ್ ಮೇಲೆ ಬಿದ್ದ ಹೋರ್ಡಿಂಗ್ 17 ಜನರನ್ನು ಕೊಂದಿತು. 40 ಅಡಿ ಉದ್ದಗಲಕ್ಕಿಂತ ದೊಡ್ಡದು ಕೂಡದು ಅಂತ ಪಾಲಿಕೆಯ ನಿಯಮ, ನಿಂತಿದ್ದದ್ದು 120 ಅಡಿಯದ್ದು. ವಿಮಾನಕ್ಕೂ ಹೋರ್ಡಿಂಗಿಗೂ ಸಂಬಂಧ ಇಲ್ಲ, ನಿಜ. ಆದರೆ ಎರಡು ಸಲವೂ ಕೆಳಗಿದ್ದವರು ತಮ್ಮ ಕೆಲಸದ ಮೇಲೆ ಅಲ್ಲಿ ಇದ್ದವರು, ಮೇಲೆ ಏನಿದೆ ಅಂತ ತೀರ್ಮಾನಿಸುವಾಗ ಅವರನ್ನು ಯಾರೂ ಕೇಳಿರಲಿಲ್ಲ.

ವಿಮಾನ ಅಪಘಾತ ಅಪರೂಪ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಅಪರೂಪ ಹೌದು. ಆದರೆ ಮುಂಬೈ ನಿಲ್ದಾಣದಲ್ಲಿ ಈಗ ವರ್ಷಕ್ಕೆ 5 ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡುತ್ತಾರೆ. ಖಾಸಗಿ ಜೆಟ್, ಚಾರ್ಟರ್‌ಗಳೂ ಅಲ್ಲೇ ಇಳಿಯುತ್ತವೆ. 2023ರ ಸೆಪ್ಟೆಂಬರ್ 14ರಂದು ಜೋರು ಮಳೆಯಲ್ಲಿ ಇಳಿದ ಲಿಯರ್‌ಜೆಟ್ 45 ರನ್‌ವೇಯಿಂದ ಜಾರಿ ಎರಡು ತುಂಡಾಯಿತು. ಒಳಗಿದ್ದ ಎಂಟೂ ಜನ ಬದುಕಿದರು, ಬಿದ್ದದ್ದು ನಿಲ್ದಾಣದ ಗೋಡೆಯೊಳಗೆ. ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನ ಸತ್ತ ಮೇಲೆ ರನ್‌ವೇ ತುದಿಯ ಸುರಕ್ಷತಾ ಜಾಗದ ಬಗ್ಗೆ ಇಡೀ ದೇಶ ಮಾತಾಡಿತು. ಆ ಮಾತೂ ಗೋಡೆಯೊಳಗಿನ ಕೆಲವು ನೂರು ಮೀಟರ್‌ಗೆ ಸೀಮಿತ. ಗೋಡೆ ದಾಟಿದ ಮೇಲೆ ಶುರುವಾಗುವ ಜಾಗ ಪಾಲಿಕೆಯದ್ದು. ಪಾಲಿಕೆ ಎನ್‌ಒಸಿ ಇದೆಯಾ ಅಂತ ನೋಡುತ್ತದೆ, ಎನ್‌ಒಸಿ ಕೊಟ್ಟವರು ಎತ್ತರ ಮಾತ್ರ ನೋಡಿರುತ್ತಾರೆ.

ಹಳೇ ಮುಂಬೈಯಲ್ಲಿ ಇದನ್ನು ಸರಿಪಡಿಸುವುದು ಕಷ್ಟ. ನವಿ ಮುಂಬೈಯಲ್ಲಿ ಇನ್ನೂ ಸಮಯ ಇದೆ. ಅಲ್ಲಿನ ಹೊಸ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು, ಡಿಸೆಂಬರ್ 25ರಿಂದ ವಿಮಾನಗಳು ಓಡಾಡತೊಡಗಿದವು. ಸುಮಾರು 1,160 ಹೆಕ್ಟೇರ್ ಜಾಗ, ಎರಡು ಸಮಾನಾಂತರ ರನ್‌ವೇಗಳ ಯೋಜನೆ. ಅದಕ್ಕಾಗಿ ಹತ್ತು ಹಳ್ಳಿಗಳು ಎದ್ದು ಹೋದವು. ಸುತ್ತಲಿನ ದೊಡ್ಡ ಪ್ರದೇಶದ ನಗರ ಯೋಜನೆ ರಾಜ್ಯ ಸರ್ಕಾರದ ಸಂಸ್ಥೆಯಾದ ಸಿಡ್ಕೋ ಕೈಯಲ್ಲಿದೆ. ಮುಂಬೈಯ ಹಾಗೆ ಅದು ಪೂರ್ತಿ ತುಂಬಿಹೋದ ಊರಲ್ಲ. ಯಾವ ಜಾಗದಲ್ಲಿ ಶಾಲೆ, ಯಾವ ಜಾಗದಲ್ಲಿ ಗೋದಾಮು ಅಂತ ಬರೆಯುವ ಪೆನ್ನು ಇನ್ನೂ ಓಡುತ್ತಿದೆ. ರನ್‌ವೇ ತುದಿಗಳಾಚೆ ಅಪಾಯದ ಲೆಕ್ಕ ಹಾಕಿ, ನಕ್ಷೆ ಮಾಡಿ, ಮರಾಠಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಲು ಹೊಸ ಕಾಯ್ದೆಗೂ ಕಾಯಬೇಕಾಗಿಲ್ಲ, ಯೋಜನೆ ಮಾಡುವವರ ಮನಸ್ಸು ಇದ್ದರೆ ಸಾಕು.

ಪನ್ವೇಲ್, ಉಲ್ವೆ ಕಡೆ ಮನೆ ನೋಡುತ್ತಿರುವ ನಮ್ಮವರು ಬಹಳ ಜನ ಇದ್ದಾರೆ. ಬಿಲ್ಡರ್ ಎನ್‌ಒಸಿ ತೋರಿಸಿದರೆ ಅದು ಎತ್ತರದ ಎನ್‌ಒಸಿ ಅಂತ ತಿಳಿದಿರಿ. ಫೋನಿನ ನಕ್ಷೆಯಲ್ಲಿ ರನ್‌ವೇಯ ಗೆರೆಯನ್ನು ಎರಡೂ ಕಡೆ ಮೂರು, ನಾಲ್ಕು ಕಿಲೋಮೀಟರ್ ನೇರಕ್ಕೆ ಎಳೆದು ನೋಡಿ. ಆ ಗೆರೆಯ ಕೆಳಗೆ ನಿಮ್ಮ ಕಟ್ಟಡ, ಮಕ್ಕಳ ಶಾಲೆ, ಹತ್ತಿರದ ಆಸ್ಪತ್ರೆ ಬಂದರೆ, ಇಲ್ಲಿ ಇದಕ್ಕೆ ಯಾವ ಲೆಕ್ಕದ ಮೇಲೆ ಅನುಮತಿ ಕೊಟ್ಟಿರಿ ಅಂತ ಸಿಡ್ಕೋಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಉತ್ತರ ಏನೇ ಬರಲಿ, ಆ ಪ್ರಶ್ನೆ ಒಂದು ಕಡತದಲ್ಲಿ ಮೊದಲ ಸಲ ದಾಖಲಾಗುತ್ತದೆ.